ಎಂಜಿನ್‌ಗೆ ಸರಿಯಾಗಿ ಪ್ರಶ್ನೆ ಕೇಳಿ: ಕಷ್ಟದ ಎಂಡ್‌ಗೇಮ್‌ಗಳನ್ನು ಕಂಪ್ಯೂಟರ್ ಜೊತೆ ಕೂತು ಬಿಡಿಸುವ ಬಗೆ

ಒಂದು ವಾರಾಂತ್ಯದ ಚೆಸ್ ಟೂರ್ನಮೆಂಟಿನಲ್ಲಿ ನನ್ನ ಆಟ ಬರೀ ರಾಜ ಮತ್ತು ಪಾನ್‌ಗೆ (ಕಾಲಾಳಿಗೆ) ಬಂದು ನಿಂತಿತು. ನನ್ನ ಬಿಳಿ ರಾಜ ಇ4ರಲ್ಲಿ, ಪಾನ್ ಇ3ರಲ್ಲಿ. ಎದುರಾಳಿಯ ರಾಜ ಇ6ರಲ್ಲಿ. ಬೋರ್ಡಿನ ಮೇಲೆ ಬೇರೆ ಕಾಯಿ ಇಲ್ಲ. ನಡೆ ನನ್ನದು. ಒದ್ದಾಡಿದೆ, ಡ್ರಾ ಆಯಿತು. ವಾಪಸ್ ಬರುವಾಗ ಬಸ್ಸಿನಲ್ಲೇ ಫೋನ್ ತೆಗೆದು ಅದೇ ಸ್ಥಿತಿಯನ್ನು ಎಂಜಿನ್‌ಗೆ, ಅಂದರೆ ಚೆಸ್ ಲೆಕ್ಕ ಹಾಕುವ ಪ್ರೋಗ್ರಾಮಿಗೆ, ಕೊಟ್ಟೆ. ಬಿಳಿಗೆ ಗೆಲುವು ಎಂದಿತು. ಕೈಗೆ ಬಂದ ಆಟ ಬಿಟ್ಟೆನಲ್ಲ ಎಂದು ಆ ರಾತ್ರಿ ನಿದ್ದೆ ಬರಲಿಲ್ಲ. ಮರುದಿನ ನೋಡಿದರೆ ನಡೆ ಕಪ್ಪಿನದು ಎಂದು ಹಾಕಿಬಿಟ್ಟಿದ್ದೆ. ನಡೆ ಬಿಳಿಯದು ಎಂದು ಬದಲಿಸಿದೆ. ಡ್ರಾ ಎಂದಿತು. ನಾನು ಆಡಿದ್ದು ಸರಿಯಾಗಿಯೇ ಇತ್ತು.

ಎಂಜಿನ್ ಎರಡು ಸಲವೂ ಸರಿಯಾದ ಉತ್ತರವನ್ನೇ ಕೊಟ್ಟಿತ್ತು. ನಾನು ಕೇಳಿದ ಪ್ರಶ್ನೆ ಬೇರೆ ಆಗಿತ್ತು, ಅಷ್ಟೇ. ಎಂಡ್‌ಗೇಮ್ ಅನ್ನು (ಕೆಲವೇ ಕಾಯಿ ಉಳಿದ ಆಟದ ಕೊನೆಯ ಭಾಗವನ್ನು) ಕಂಪ್ಯೂಟರ್ ಜೊತೆ ಕೂತು ಕಲಿಯುವುದು ಅಂದರೆ ಹೆಚ್ಚುಕಡಿಮೆ ಪ್ರಶ್ನೆ ಕೇಳುವುದನ್ನು ಕಲಿಯುವುದೇ ಎಂದು ಅವತ್ತಿನಿಂದ ನನಗೆ ಅನಿಸಿದೆ. ನಾನು ಮಾಡುವ ಕ್ರಮವನ್ನು ಇಲ್ಲಿ ಒಂದೊಂದಾಗಿ ಹೇಳುತ್ತೇನೆ. ಮನೆಯಲ್ಲಿ ಒಂಟೆ ಎನ್ನುವುದನ್ನು ಟೂರ್ನಮೆಂಟಿನಲ್ಲಿ ಎಲ್ಲರೂ ಬಿಷಪ್ ಎನ್ನುತ್ತಾರೆ. ಇಲ್ಲೂ ಬಿಷಪ್ ಎಂದೇ ಬರೆಯುತ್ತೇನೆ. ಆನೆ, ಕುದುರೆ, ರಾಜ, ರಾಣಿ ಹಾಗೇ ಇರಲಿ. ಇ4 ಎಂದರೆ ಬಿಳಿಯ ಎಡಗಡೆಯಿಂದ ಎ, ಬಿ, ಸಿ ಎಂದು ಎಣಿಸಿದಾಗ ಬರುವ ಇ ಸಾಲಿನಲ್ಲಿ ಬಿಳಿಯ ಕಡೆಯಿಂದ ನಾಲ್ಕನೆಯ ಮನೆ.

ಮೊದಲೇ ಒಂದು ಮಾತು. ಇದೆಲ್ಲ ಆಟ ಮುಗಿದ ಮೇಲೆ ಮಾಡುವ ಕೆಲಸ. ಆಟ ನಡೆಯುವಾಗ ಎಂಜಿನ್ ನೋಡಿದರೆ ಅದು ಮೋಸ. ಅಂಚೆ ಚೆಸ್ಸಿನ ಅಂತರರಾಷ್ಟ್ರೀಯ ಸಂಸ್ಥೆ ಐಸಿಸಿಎಫ್‌ನ ಆಟಗಳಲ್ಲಿ ಮಾತ್ರ ಎಂಜಿನ್ ಬಳಸಲು ಒಪ್ಪಿಗೆ ಇದೆ.

ಏನೇನು ಬೇಕು

ಜಾಸ್ತಿ ಏನೂ ಬೇಡ, ದುಡ್ಡೂ ಬೇಡ. ಬ್ರೌಸರಿನಲ್ಲಿ ಲಿಚೆಸ್ ಎಂಬ ಚೆಸ್ ತಾಣ ತೆರೆದರೆ ಬೋರ್ಡ್ ಎಡಿಟರ್, ಅನಾಲಿಸಿಸ್ ಬೋರ್ಡ್, ಸ್ಟಾಕ್‌ಫಿಶ್ ಎಂಜಿನ್, ಏಳು ಕಾಯಿಗಳವರೆಗಿನ ಟೇಬಲ್‌ಬೇಸ್ (ಮೊದಲೇ ಲೆಕ್ಕ ಹಾಕಿಟ್ಟ ಉತ್ತರಗಳ ಕಣಜ) ನಾಲ್ಕೂ ಒಂದೇ ಕಡೆ ಸಿಗುತ್ತವೆ. ಆಂಡ್ರಾಯ್ಡ್ ಫೋನಿಗೆ ಡ್ರಾಯ್ಡ್‌ಫಿಶ್ ಎಂಬ ಉಚಿತ ಆ್ಯಪ್ ಇದೆ, ನೆಟ್ ಇಲ್ಲದೆಯೂ ಓಡುತ್ತದೆ. ಲ್ಯಾಪ್‌ಟಾಪ್ ಇದ್ದವರು ಲೂಕಾಸ್ ಚೆಸ್ ಅಥವಾ ಅರೇನಾ ಹಾಕಿಕೊಂಡು ಅದರಲ್ಲಿ ಸ್ಟಾಕ್‌ಫಿಶ್ ಸೇರಿಸಬಹುದು. ಗಂಟೆಗಟ್ಟಲೆ ಓಡಿಸುವ ಕೆಲಸಕ್ಕೆ ಲ್ಯಾಪ್‌ಟಾಪೇ ಒಳ್ಳೆಯದು. ಫೋನ್ ಬಿಸಿಯಾಗುತ್ತದೆ, ವೇಗವೂ ಕುಸಿಯುತ್ತದೆ.

ಇದರ ಜೊತೆ ಒಂದು ನೋಟ್‌ಬುಕ್ಕೂ ಪೆನ್ನೂ ಬೇಕು. ಯಾಕೆ ಅಂತ ಈಗ ಗೊತ್ತಾಗುತ್ತದೆ.

ಮೊದಲ ಹೆಜ್ಜೆ: ಸ್ಥಿತಿಯನ್ನು ಸರಿಯಾಗಿ ಹಾಕಿ

ಕಾಯಿಗಳನ್ನು ಇಟ್ಟ ಮೇಲೆ ಮೂರು ವಿಷಯ ನೋಡಿಕೊಳ್ಳಿ. ನಡೆ ಯಾರದು? ಬಿಳಿ ಪಾನ್‌ಗಳು ಯಾವ ಕಡೆ ಹೋಗುತ್ತಿವೆ? ಬೋರ್ಡ್ ತಿರುಗಿಸಿ ನೋಡುವಾಗ ಇದರಲ್ಲಿ ತಪ್ಪಾಗುವುದು ಜಾಸ್ತಿ. ಮೂರನೆಯದು, ಕ್ಯಾಸ್ಲಿಂಗ್ (ರಾಜನೂ ಆನೆಯೂ ಒಂದೇ ನಡೆಯಲ್ಲಿ ಸರಿಯುವುದು) ಗುರುತುಗಳು ತೆಗೆದಿವೆಯಾ? ಕ್ಯಾಸ್ಲಿಂಗ್ ಹಕ್ಕು ಉಳಿದಿರುವ ಸ್ಥಿತಿಗಳನ್ನು ಟೇಬಲ್‌ಬೇಸ್ ಲೆಕ್ಕಕ್ಕೇ ತೆಗೆದುಕೊಂಡಿಲ್ಲ.

ನಿಮ್ಮದೇ ಆಟವಾದರೆ ಸುಮ್ನೆ ಕೊನೆಯ ಸ್ಥಿತಿ ಇಡುವುದಕ್ಕಿಂತ ಸ್ಕೋರ್‌ಶೀಟಿನ ಎಲ್ಲ ನಡೆಗಳನ್ನೂ ಹಾಕುವುದು ಒಳ್ಳೆಯದು. ಐವತ್ತು ನಡೆಗಳ ನಿಯಮದ (ಹೊಡೆತವೂ ಪಾನ್ ನಡೆಯೂ ಇಲ್ಲದೆ ಐವತ್ತು ನಡೆ ಕಳೆದರೆ ಡ್ರಾ) ಎಣಿಕೆ, ಒಂದೇ ಸ್ಥಿತಿ ಎಷ್ಟು ಸಲ ಬಂದಿದೆ ಎಂಬುದು ಎರಡೂ ಆಗ ಎಂಜಿನ್‌ಗೆ ಗೊತ್ತಿರುತ್ತದೆ.

ಎರಡನೆಯ ಹೆಜ್ಜೆ: ಎಂಜಿನ್ ಆನ್ ಮಾಡುವ ಮುಂಚೆ ಬರೆದಿಡಿ

ಎಂಡ್‌ಗೇಮಿನಲ್ಲಿ ಉತ್ತರ ಮೂರೇ: ಗೆಲುವು, ಡ್ರಾ, ಸೋಲು. ಇದರಲ್ಲಿ ಯಾವುದು ಎಂದು ನಿಮಗೆ ಅನಿಸುತ್ತದೆ? ಮೊದಲ ನಡೆ ಯಾವುದು? ಯಾಕೆ? ಮೂರಕ್ಕೂ ಒಂದೊಂದು ಸಾಲು ಬರೆಯಿರಿ. ತಪ್ಪಾದರೂ ಪರವಾಗಿಲ್ಲ. ಎಂಜಿನ್ ಉತ್ತರ ಒಂದು ಸಲ ಕಣ್ಣಿಗೆ ಬಿತ್ತೋ, ಅದು ಮೊದಲೇ ನಮಗೆ ಗೊತ್ತಿತ್ತು ಎಂದು ಮನಸ್ಸು ನಂಬಿಸಿಬಿಡುತ್ತದೆ. ಬರೆದಿಟ್ಟರೆ ಹಾಗಾಗುವುದಿಲ್ಲ. ಎಲ್ಲಿ ದಾರಿ ತಪ್ಪಿದೆವು ಎಂಬುದು ಕಾಗದದ ಮೇಲೆ ಉಳಿಯುತ್ತದೆ.

ನಾನು ಐದು ನಿಮಿಷವಾದರೂ ಗಡಿಯಾರ ಇಟ್ಟುಕೊಂಡು ಯೋಚಿಸುತ್ತೇನೆ. ಈ ಹೆಜ್ಜೆಯನ್ನು ದಯವಿಟ್ಟು ಬಿಡಬೇಡಿ. ಮುಂದಿನದೆಲ್ಲ ಇದರ ಮೇಲೆಯೇ ನಿಂತಿದೆ.

ಮೂರನೆಯ ಹೆಜ್ಜೆ: ಕಾಯಿ ಎಣಿಸಿ

ಎರಡೂ ಕಡೆಯ ರಾಜರನ್ನು ಸೇರಿಸಿ ಒಟ್ಟು ಎಷ್ಟು ಕಾಯಿಗಳಿವೆ? ಏಳು ಅಥವಾ ಕಡಿಮೆ ಇದ್ದರೆ ಎಂಜಿನ್ ಅಂದಾಜು ಬೇಕಾಗಿಲ್ಲ. ಟೇಬಲ್‌ಬೇಸ್‌ನಲ್ಲಿ ಖಚಿತ ಉತ್ತರವೇ ಇದೆ. ಏಳು ಕಾಯಿಗಳವರೆಗಿನ ಸ್ಥಿತಿಗಳಿಗೆಲ್ಲ ಕೊನೆಯಿಂದ ಹಿಂದಕ್ಕೆ ಲೆಕ್ಕ ಹಾಕಿ ಫಲಿತಾಂಶ ಬರೆದಿಟ್ಟ ಕಣಜ ಅದು. ಈಗ ಹೆಚ್ಚಾಗಿ ಬಳಕೆಯಲ್ಲಿರುವುದು ರೊನಾಲ್ಡ್ ಡಿ ಮಾನ್ 2013ರಲ್ಲಿ ಹೊರತಂದ ಸಿಜಿಜಿ ಟೇಬಲ್‌ಬೇಸ್. ಅದರ ಏಳು ಕಾಯಿಗಳ ಭಾಗ 2018ರಲ್ಲಿ ಪೂರ್ತಿಯಾಯಿತು.

ಐದು ಕಾಯಿಗಳವರೆಗಿನ ಫೈಲುಗಳು ಸುಮಾರು 1 ಜಿಬಿ. ಅದನ್ನು ಡೌನ್‌ಲೋಡ್ ಮಾಡಿ ಲ್ಯಾಪ್‌ಟಾಪಿನಲ್ಲಿ ಇಟ್ಟುಕೊಳ್ಳಿ. ಎಂಜಿನ್ ಸೆಟ್ಟಿಂಗ್ಸ್‌ನಲ್ಲಿ ಸಿಜಿಜಿ ಪಾತ್ ಎಂಬ ಜಾಗದಲ್ಲಿ ಆ ಫೋಲ್ಡರ್ ತೋರಿಸಿ. ಆಮೇಲೆ ಎಂಜಿನ್ ತನ್ನ ಲೆಕ್ಕದ ನಡುವೆಯೇ ಅದನ್ನು ನೋಡಿಕೊಳ್ಳುತ್ತದೆ. ಆರು ಕಾಯಿಗಳದು ಸುಮಾರು 150 ಜಿಬಿ. ಏಳು ಕಾಯಿಗಳದು ಸುಮಾರು 17 ಟಿಬಿ, ಮನೆಯಲ್ಲಿ ಇಡುವ ಮಾತಲ್ಲ. ಅದಕ್ಕೆ ಲಿಚೆಸ್ಸೇ ಸಾಕು. ಅನಾಲಿಸಿಸ್ ಬೋರ್ಡಿನಲ್ಲಿ ಪುಸ್ತಕದ ಚಿತ್ರ ಒತ್ತಿದರೆ ಪ್ರತಿ ನಡೆಯ ಎದುರೂ ಗೆಲುವೋ ಡ್ರಾನೋ ಸೋಲೋ ಎಂದು ಬರುತ್ತದೆ.

ಹೆಚ್ಚಿನವರು ಆ ಪಟ್ಟಿಯ ಮೇಲಿನ ನಡೆಯನ್ನು ನೋಡಿ ಮುಚ್ಚಿಬಿಡುತ್ತಾರೆ. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು ಗೆಲ್ಲುವ ನಡೆಗಳು ಎಷ್ಟಿವೆ ಎಂಬ ಎಣಿಕೆ. ಹನ್ನೆರಡರಲ್ಲಿ ಒಂಬತ್ತು ನಡೆಗಳು ಗೆಲ್ಲುತ್ತವೆ ಎಂದರೆ ಆ ಜಾಗದಲ್ಲಿ ಕಲಿಯುವುದು ಅಷ್ಟಾಗಿ ಇಲ್ಲ, ಮುಂದೆ ಹೋಗಿ. ಒಂದೇ ನಡೆ ಗೆಲ್ಲುತ್ತದೆ, ಉಳಿದದ್ದೆಲ್ಲ ಡ್ರಾ ಎಂದು ಬಂದರೆ ಅಲ್ಲಿ ನಿಲ್ಲಿ. ಆಟದ ಗಂಟು ಅಲ್ಲೇ ಇದೆ.

ರಿಚರ್ಡ್ ರೇಟಿ 1921ರಲ್ಲಿ ರಚಿಸಿದ ಸಮಸ್ಯೆ ಇದಕ್ಕೆ ತುಂಬ ಒಳ್ಳೆಯ ಉದಾಹರಣೆ. ಬಿಳಿ ರಾಜ ಎಚ್8, ಬಿಳಿ ಪಾನ್ ಸಿ6. ಕಪ್ಪು ರಾಜ ಎ6, ಕಪ್ಪು ಪಾನ್ ಎಚ್5. ನಡೆ ಬಿಳಿಯದು. ಕಪ್ಪು ಪಾನ್ ಕೈಗೆ ಸಿಗುವ ಹಾಗೆ ಕಾಣುವುದೇ ಇಲ್ಲ, ನಮ್ಮ ಪಾನ್ ಕಪ್ಪು ರಾಜನ ಪಕ್ಕದಲ್ಲೇ ಇದೆ. ಎಂಜಿನ್ 0.00 ಎನ್ನುತ್ತದೆ. ಆ ಸೊನ್ನೆ ನೋಡಿದರೆ ಏನೋ ಸಲೀಸು ಡ್ರಾ ಎನಿಸುತ್ತದೆ, ಅಲ್ವಾ? ಟೇಬಲ್‌ಬೇಸ್ ತೆರೆಯಿರಿ. ಬಿಳಿಗೆ ಇರುವುದೇ ನಾಲ್ಕು ನಡೆ. ಮೂರು ಸೋಲುತ್ತವೆ. ರಾಜ ಜಿ7 ಒಂದೇ ಉಳಿಸುತ್ತದೆ. ಪಾನ್ ಎಚ್4ಕ್ಕೆ ಬಂದರೆ ರಾಜ ಎಫ್6. ಕಪ್ಪು ರಾಜ ಬಿ6ಕ್ಕೆ ಬಂದು ಸಿ6 ಪಾನ್ ಮೇಲೆ ಕಣ್ಣಿಟ್ಟಾಗ ರಾಜ ಇ5. ಈ ಇ5 ಮನೆಯಲ್ಲಿ ಒಂದು ಕ್ಷಣ ನಿಂತು ನೋಡಿ. ಅಲ್ಲಿಂದ ಎಫ್4ಕ್ಕೆ ಹೋದರೆ ಕಪ್ಪು ಪಾನ್ ಸಿಗುತ್ತದೆ. ಡಿ6ಕ್ಕೆ ಹೋದರೆ ನಮ್ಮ ಪಾನ್‌ಗೆ ಕಾವಲು ಸಿಗುತ್ತದೆ. ಕಪ್ಪು ಒಂದನ್ನು ತಡೆಯಬಹುದು, ಎರಡನ್ನೂ ತಡೆಯಲಾಗದು. ರಾಜ ಮೂಲೆಯಿಂದ ಓರೆಯಾಗಿ ಇಳಿದದ್ದರಿಂದ ಒಂದೇ ನಡಿಗೆಯಲ್ಲಿ ಎರಡು ಕಡೆಗೂ ಹೊರಟ ಹಾಗಾಯಿತು.

ಇನ್ನೊಂದು ಎಚ್ಚರಿಕೆ. ಸಿಜಿಜಿ ಎಣಿಸುವುದು ಮುಂದಿನ ಹೊಡೆತ ಅಥವಾ ಪಾನ್ ನಡೆಗೆ ಇರುವ ದೂರ. ಮೇಟ್‌ಗೆ ಇರುವ ದೂರವನ್ನಲ್ಲ. ಹಾಗಾಗಿ ಗೆಲ್ಲುವ ಸ್ಥಿತಿಯಲ್ಲಿ ಸುಮ್ನೆ ಒಂದು ಕಾಯಿ ಕೊಟ್ಟುಬಿಡುವ ವಿಚಿತ್ರ ನಡೆಯೂ ಪಟ್ಟಿಯ ತುದಿಯಲ್ಲಿ ಇರಬಹುದು. ಅದು ಎಣಿಕೆಯ ಪ್ರಕಾರ ಸರಿ, ಕಲಿಯುವವರಿಗೆ ಉಪಯೋಗವಿಲ್ಲ. ಗೆಲ್ಲುವ ನಡೆಗಳಲ್ಲಿ ನಿಮಗೆ ಅರ್ಥವಾಗುವುದನ್ನು ಆರಿಸಿಕೊಳ್ಳಿ. ಇನ್ನು, ಕೆಲವು ಗೆಲುವುಗಳು ಐವತ್ತು ನಡೆಗಳ ನಿಯಮದ ಆಚೆಗಿವೆ. 2012ರಲ್ಲಿ ಮಾಸ್ಕೋದಲ್ಲಿ ತಯಾರಾದ ಲೊಮೊನೊಸೊವ್ ಟೇಬಲ್‌ಬೇಸ್‌ನಲ್ಲಿ ಸಿಕ್ಕ ಅತಿ ಉದ್ದದ ಗೆಲುವಿಗೆ ಮೇಟ್ ಆಗಲು 549 ನಡೆ ಬೇಕು. ಅಂಥವು ನಮ್ಮ ಆಟಕ್ಕೆ ಬರುವುದಿಲ್ಲ ಬಿಡಿ. ಆದರೆ ಗೆಲುವಿನ ಪಕ್ಕದಲ್ಲಿ ಐವತ್ತು ನಡೆಗಳ ನಿಯಮದ ಸೂಚನೆ ಬಂದಿದ್ದರೆ, ಎದುರಾಳಿ ತಪ್ಪದೆ ಆಡಿದಾಗ ಅದು ಡ್ರಾ ಎಂದೇ ತಿಳಿಯಿರಿ.

ನಾಲ್ಕನೆಯ ಹೆಜ್ಜೆ: ಒಂದು ಕಾಯಿಯನ್ನು ಒಂದು ಮನೆ ಸರಿಸಿ

ಇಡೀ ಲೇಖನದಲ್ಲಿ ಒಂದನ್ನೇ ನೆನಪಿಡುತ್ತೀರಿ ಎಂದರೆ ಇದನ್ನು ನೆನಪಿಡಿ.

ಎಂಜಿನ್ ಆಗಲಿ ಟೇಬಲ್‌ಬೇಸ್ ಆಗಲಿ "ಯಾಕೆ" ಎಂಬುದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಅದನ್ನು ಹೊರಗೆ ಎಳೆಯಲು ಒಂದು ಉಪಾಯ ಇದೆ. ಸ್ಥಿತಿಯಲ್ಲಿ ಒಂದೇ ಒಂದು ಬದಲಾವಣೆ ಮಾಡಿ ಉತ್ತರ ಬದಲಾಗುತ್ತದಾ ನೋಡುವುದು. ಯಾವ ಬದಲಾವಣೆಗೆ ಉತ್ತರ ತಿರುಗುತ್ತದೋ ಅಲ್ಲೇ ಕಾರಣ ಅಡಗಿದೆ.

ನನ್ನ ಆ ಡ್ರಾ ಆಟವನ್ನೇ ತೆಗೆದುಕೊಳ್ಳೋಣ. ಬಿಳಿ ರಾಜ ಇ4, ಪಾನ್ ಇ3, ಕಪ್ಪು ರಾಜ ಇ6, ನಡೆ ಬಿಳಿಯದು: ಡ್ರಾ. ನಡೆ ಕಪ್ಪಿನದು: ಬಿಳಿಗೆ ಗೆಲುವು. ಇಲ್ಲಿಗೆ ಮೊದಲ ಸುಳಿವು ಸಿಕ್ಕಿತು. ರಾಜರು ಎದುರುಬದುರು ನಿಂತಿದ್ದಾರೆ, ಯಾರು ನಡೆಯಬೇಕೋ ಅವರೇ ದಾರಿ ಬಿಡಬೇಕು.

ಈಗ ಪಾನ್ ಅನ್ನು ಇ3ರಿಂದ ಇ2ಕ್ಕೆ ಹಿಂದೆ ಇಡಿ, ನಡೆ ಬಿಳಿಯದೇ ಇರಲಿ. ಗೆಲುವು! ಪಾನ್ ಹಿಂದೆ ಹೋದರೆ ಗೆಲುವು ಹೇಗೆ? ಬಿಳಿಗೆ ಪಾನ್ ಇ3 ಎಂಬ ಒಂದು ನಡೆ ಉಳಿತಾಯದಲ್ಲಿ ಇದೆ. ಅದನ್ನು ಆಡಿದರೆ ಅದೇ ಇ3 ಸ್ಥಿತಿ ಬರುತ್ತದೆ, ಆದರೆ ನಡೆ ಕಪ್ಪಿನದಾಗಿರುತ್ತದೆ. ಪಾನ್ ಅನ್ನು ಬೇಗ ಓಡಿಸಬೇಡಿ ಎಂದು ದೊಡ್ಡವರು ಯಾಕೆ ಹೇಳುತ್ತಾರೆ ಎಂಬುದು ಈ ಒಂದು ಬದಲಾವಣೆಯಲ್ಲಿ ಕಾಣುತ್ತದೆ.

ಇನ್ನೊಂದು. ಮೂರೂ ಕಾಯಿಗಳನ್ನು ಎರಡು ಸಾಲು ಮೇಲೆ ಸರಿಸಿ. ಬಿಳಿ ರಾಜ ಇ6, ಪಾನ್ ಇ5, ಕಪ್ಪು ರಾಜ ಇ8. ಈಗ ನಡೆ ಯಾರದಾದರೂ ಗೆಲುವು. ಬಿಳಿ ರಾಜ ಆರನೆಯ ಸಾಲಿನಲ್ಲಿ ಪಾನ್‌ಗಿಂತ ಮುಂದೆ ನಿಂತರೆ ಎದುರುಬದುರಿನ ಲೆಕ್ಕವೇ ಬೇಕಾಗುವುದಿಲ್ಲ. ಅದೇ ಆಕಾರವನ್ನು ಎ ಸಾಲಿಗೆ ಸರಿಸಿ, ರಾಜ ಎ6, ಪಾನ್ ಎ5, ಕಪ್ಪು ರಾಜ ಎ8. ಮತ್ತೆ ಡ್ರಾ. ಅಂಚಿನ ಪಾನ್ ಆದ್ದರಿಂದ ಕಪ್ಪು ರಾಜನನ್ನು ಮೂಲೆಯಿಂದ ಹೊರಗೆ ಹಾಕಲು ಆಗುವುದಿಲ್ಲ. ನಾಲ್ಕು ಬದಲಾವಣೆ, ಹತ್ತು ನಿಮಿಷ. ಒಂದು ಅಧ್ಯಾಯದಷ್ಟು ವಿಷಯ ಕೈಗೆ ಬಂತು. ಇದನ್ನು ಯಾರೂ ನಮಗೆ ಹೇಳಿಕೊಡಲಿಲ್ಲ, ನಾವೇ ಕಂಡುಕೊಂಡೆವು. ಆ ಸಂತೋಷವೇ ಬೇರೆ.

ರೇಟಿಯ ಸಮಸ್ಯೆಯಲ್ಲೂ ಮಾಡಿ. ಕಪ್ಪು ಪಾನ್ ಅನ್ನು ಎಚ್5ರಿಂದ ಎಚ್4ಕ್ಕೆ ಒಂದು ಮನೆ ಇಳಿಸಿ. ಬಿಳಿ ಸೋಲುತ್ತದೆ. ಎರಡು ಕಡೆಗೆ ಹೊರಡುವ ಉಪಾಯ ಕೆಲಸ ಮಾಡಿದ್ದು ಒಂದೇ ಒಂದು ನಡೆಯ ಅಂತರದಲ್ಲಿ.

ಬಿಷಪ್ ಇರುವ ಕಡೆ ಬಣ್ಣ ಬದಲಿಸಿ ನೋಡಿ. ಬಿಳಿ ರಾಜ ಡಿ4, ಬಿಷಪ್ ಇ3, ಪಾನ್ ಎ4, ಕಪ್ಪು ರಾಜ ಬಿ8. ಒಂದು ಬಿಷಪ್ಪೂ ಒಂದು ಪಾನೂ ಜಾಸ್ತಿ ಇದ್ದರೂ ಡ್ರಾ. ಬಿಷಪ್ ಅನ್ನು ಇ4ಕ್ಕೆ ಇಡಿ, ಗೆಲುವು. ಬಿಷಪ್ ಅನ್ನು ಇ3ರಲ್ಲೇ ಬಿಟ್ಟು ಪಾನ್ ಅನ್ನು ಬಿ4ಕ್ಕೆ ಇಡಿ, ಆಗಲೂ ಗೆಲುವು. ಪಾನ್ ರಾಣಿಯಾಗುವ ಎ8 ಬಿಳಿ ಮನೆ. ಇ3ರ ಬಿಷಪ್ ಓಡಾಡುವುದು ಕಪ್ಪು ಮನೆಗಳ ಮೇಲೆ. ಮೂಲೆಯಲ್ಲಿ ಕೂತ ರಾಜನನ್ನು ಅದು ಎಬ್ಬಿಸಲಾರದು.

ಐದನೆಯ ಹೆಜ್ಜೆ: ಏಳಕ್ಕಿಂತ ಹೆಚ್ಚು ಕಾಯಿಗಳಿದ್ದರೆ

ಇಲ್ಲಿ ಎಂಜಿನ್ ಅಂದಾಜಿನ ಮೇಲೆ ನಡೆಯುತ್ತದೆ, ನಾವು ಹುಷಾರಾಗಿರಬೇಕು. ಮೊದಲು ಆ ಸಂಖ್ಯೆಯ ಅರ್ಥ ತಿಳಿದಿರಲಿ. 2022ರ ಕೊನೆಯಲ್ಲಿ ಬಂದ ಸ್ಟಾಕ್‌ಫಿಶ್ 15.1ರಿಂದ +1.00 ಎಂದರೆ ಒಂದು ಪಾನ್ ಜಾಸ್ತಿ ಎಂಬ ಅರ್ಥವಲ್ಲ. ಎಂಜಿನ್ ತನ್ನಷ್ಟೇ ಬಲದ ಎದುರಾಳಿಯ ಮೇಲೆ ಆ ಸ್ಥಿತಿಯಿಂದ ಗೆಲ್ಲುವ ಸಾಧ್ಯತೆ ನೂರಕ್ಕೆ ಐವತ್ತು ಎಂದರ್ಥ. ಎಂಡ್‌ಗೇಮಿನಲ್ಲಿ ನಿಜವಾದ ಉತ್ತರ ಗೆಲುವೋ ಡ್ರಾನೋ ಒಂದೇ. +1.00 ಎಂದರೆ ಎಂಜಿನ್‌ಗೆ ಇನ್ನೂ ಗೊತ್ತಾಗಿಲ್ಲ ಎಂದೇ ನಾನು ಓದುತ್ತೇನೆ.

ಮಲ್ಟಿಪಿವಿ ಎಂಬ ಸೆಟ್ಟಿಂಗ್‌ನಲ್ಲಿ ಮೂರರಿಂದ ಐದು ಲೈನ್ (ಎಂಜಿನ್ ತೋರಿಸುವ ನಡೆಗಳ ಸರಣಿ) ಇಡಿ. ಮೊದಲ ಲೈನಿಗೂ ಎರಡನೆಯದಕ್ಕೂ ಇರುವ ಅಂತರ ಮುಖ್ಯ. ಉತ್ತರ ಒಂದು ಕಡೆ ನಿಂತ ಮೇಲೆ ಒಂದೇ ಲೈನ್‌ಗೆ ಇಳಿಸಿ ಆಳಕ್ಕೆ ಬಿಡಿ. ಹ್ಯಾಶ್ ಎಂಬ ಮೆಮೊರಿಯನ್ನು ನಿಮ್ಮ ಕಂಪ್ಯೂಟರ್ ತಡೆಯುವಷ್ಟು ಜಾಸ್ತಿ ಇಡಿ. ಯಾಕೆಂದರೆ ಮುಂದಿನ ಉಪಾಯ ಅದರ ಮೇಲೇ ನಿಂತಿದೆ.

ಆ ಉಪಾಯಕ್ಕೆ ನಾನು ಯಾವಾಗಲೂ ತೋರಿಸುವುದು 1998ರ ಲಿನಾರೆಸ್ ಟೂರ್ನಮೆಂಟಿನ ಟೊಪಾಲೊವ್–ಶಿರೊವ್ ಆಟ. ಬಿಳಿ: ರಾಜ ಜಿ1, ಬಿಷಪ್ ಸಿ3, ಪಾನ್‌ಗಳು ಜಿ2, ಎಚ್4. ಕಪ್ಪು: ರಾಜ ಇ6, ಬಿಷಪ್ ಎಫ್5, ಪಾನ್‌ಗಳು ಎ4, ಡಿ5, ಎಫ್6, ಜಿ6. ನಡೆ ಕಪ್ಪಿನದು. ಹತ್ತು ಕಾಯಿ, ಬೇರೆ ಬೇರೆ ಬಣ್ಣದ ಮನೆಗಳ ಬಿಷಪ್‌ಗಳು. ಕಪ್ಪಿಗೆ ಎರಡು ಪಾನ್ ಜಾಸ್ತಿ ಇದ್ದರೂ ಇಂಥ ಆಟ ಡ್ರಾ ಆಗುವುದೇ ಜಾಸ್ತಿ. ಶಿರೊವ್ ಆಡಿದ ನಡೆ ಬಿಷಪ್ ಎಚ್3. ಬಿಷಪ್ ಅನ್ನು ಪಾನ್ ಬಾಯಿಗೆ ಇಟ್ಟುಬಿಟ್ಟರು.

ಎಂಜಿನ್‌ಗಳು ಬಹಳ ವರ್ಷ ಈ ನಡೆಯನ್ನು ಕಾಣಲಿಲ್ಲ. ಕಾಯಿ ಸುಮ್ನೆ ಹೋಗುವ ನಡೆಗಳನ್ನು ಎಂಜಿನ್ ಬೇಗ ಬದಿಗೆ ತಳ್ಳುತ್ತದೆ, ಇಲ್ಲದಿದ್ದರೆ ಅದಕ್ಕೆ ಆಳಕ್ಕೆ ಹೋಗಲು ಪುರುಸೊತ್ತೇ ಸಿಗುವುದಿಲ್ಲ. ಹೊಸ ಎಂಜಿನ್ ಎಷ್ಟೋ ಪಾಲು ಚುರುಕು. ಆದರೂ ನಿಮ್ಮ ಸ್ವಂತ ಆಟದಲ್ಲಿ ಇಂಥದ್ದು ಬಂದಾಗ ಹೀಗೆ ಮಾಡಿ. ನಿಮಗೆ ಅನುಮಾನ ಇರುವ ನಡೆಯನ್ನು ಬೋರ್ಡಿನ ಮೇಲೆ ನೀವೇ ಆಡಿ. ಎಂಜಿನ್ ಎರಡು ನಿಮಿಷ ಓಡಲಿ. ಅದು ತೋರಿಸುವ ಉತ್ತರವನ್ನೂ ಆಡಿ, ಮತ್ತೆ ಓಡಲಿ. ಹೀಗೆ ಐದಾರು ನಡೆ ಮುಂದೆ ಹೋಗಿ, ಆಮೇಲೆ ಒಂದೊಂದೇ ನಡೆ ಹಿಂದಕ್ಕೆ ಬನ್ನಿ. ಪ್ರತಿ ಕಡೆಯಲ್ಲೂ ಅರ್ಧ ನಿಮಿಷ ನಿಲ್ಲಿ. ಮುಂದೆ ಕಂಡದ್ದು ಹ್ಯಾಶ್‌ನಲ್ಲಿ ಉಳಿದಿರುತ್ತದೆ. ಹಿಂದಕ್ಕೆ ಬರುತ್ತಾ ಬರುತ್ತಾ ಎಂಜಿನ್ ತನ್ನ ಅಭಿಪ್ರಾಯ ಬದಲಿಸುವುದನ್ನು ಕಣ್ಣಾರೆ ನೋಡಬಹುದು.

ಶಿರೊವ್ ಆಟದಲ್ಲಿ ಮುಂದೆ ಹೋದರೆ ಕಾಣುವುದು ಇದು. ಪಾನ್ ಬಿಷಪ್ ಅನ್ನು ಎಚ್3ರಲ್ಲಿ ಹೊಡೆಯುತ್ತದೆ. ಕಪ್ಪು ರಾಜ ಎಫ್5. ಬಿಳಿ ರಾಜ ಎಫ್2. ಕಪ್ಪು ರಾಜ ಇ4. ಅಷ್ಟೇ, ಇ4 ಮನೆ ಸಿಕ್ಕಿತು. ಬಿಳಿ ರಾಜನಿಗೆ ಇ3ಕ್ಕೆ ಬಂದು ಅಡ್ಡ ನಿಲ್ಲಲು ಒಂದು ನಡೆ ಸಾಲಲಿಲ್ಲ. ಬಿಷಪ್ ಎಫ್5ರಲ್ಲಿ ನಿಂತು ತನ್ನ ರಾಜನ ದಾರಿಗೇ ಅಡ್ಡವಾಗಿತ್ತು. ಅದು ಬೇರೆ ಎಲ್ಲಿಗೆ ಹೋದರೂ ಆ ನಡೆಯ ಹೊತ್ತಿಗೆ ಬಿಳಿ ರಾಜ ಬಂದುಬಿಡುತ್ತಿದ್ದ. ಬಿಷಪ್ ಅನ್ನು ಹೊಡೆಯದೆ ಬಿಳಿ ರಾಜ ಎಫ್2ಕ್ಕೆ ಬಂದರೆ? ಆಗ ಕಪ್ಪು ರಾಜ ಎಫ್5, ಬಿಳಿ ರಾಜ ಎಫ್3, ಬಿಷಪ್ ಜಿ2ರ ಪಾನ್ ಅನ್ನು ಹೊಡೆದು ಚೆಕ್! ರಾಜ ಅದನ್ನು ಹೊಡೆಯುತ್ತಿದ್ದಂತೆ ಮತ್ತೆ ಕಪ್ಪು ರಾಜ ಇ4. ನಾಲ್ಕನೆಯ ಹೆಜ್ಜೆ ಇಲ್ಲೂ ಮಾಡಿ. ಬಿಳಿ ರಾಜನನ್ನು ಜಿ1ರಿಂದ ಎಫ್1ಕ್ಕೆ ಸರಿಸಿ, ಲೈನ್‌ಗಳನ್ನು ಪಕ್ಕಪಕ್ಕ ಇಟ್ಟು ನೋಡಿ.

ಕೋಟೆ ಕಟ್ಟಿಕೊಂಡು ಕೂತಾಗ

ಎಂಜಿನ್ +2 ಎಂದೋ +3 ಎಂದೋ ತೋರಿಸುತ್ತಲೇ ಇರುತ್ತದೆ, ಆದರೆ ಏನೂ ಆಗುತ್ತಿಲ್ಲ. ಎದುರಾಳಿ ಕೋಟೆ ಕಟ್ಟಿಕೊಂಡಿದ್ದಾನೆ. ಗುರುತಿಸುವುದು ಸುಲಭ. ಎಂಜಿನ್ ತೋರಿಸುವ ನಡೆಗಳನ್ನೇ ಎರಡೂ ಕಡೆಗೆ ಇಪ್ಪತ್ತು ಮೂವತ್ತು ನಡೆ ಆಡಿಸಿ. ಲಿಚೆಸ್‌ನಲ್ಲಿ ಸ್ಪೇಸ್ ಬಾರ್ ಒತ್ತುತ್ತಾ ಹೋದರೆ ಸಾಕು. ಒಂದು ಪಾನೂ ಮುಂದೆ ಹೋಗಲಿಲ್ಲ, ಯಾವ ಕಾಯಿಯೂ ಬದಲಾಗಲಿಲ್ಲ, ಸಂಖ್ಯೆ ಮಾತ್ರ ಹಾಗೇ ಇದೆ ಅಥವಾ ಮೆಲ್ಲಗೆ ಸೊನ್ನೆಯ ಕಡೆ ಇಳಿಯುತ್ತಿದೆ ಎಂದರೆ ಅದು ಕೋಟೆಯೇ ಇರಬೇಕು. ಐವತ್ತರ ಎಣಿಕೆ ಏರಿದಂತೆ ಸ್ಟಾಕ್‌ಫಿಶ್ ತನ್ನ ಸಂಖ್ಯೆಯನ್ನು ತಗ್ಗಿಸುತ್ತದೆ, ಆ ಇಳಿತವೇ ಸುಳಿವು.

ಆಗ ನೀವು ಕೇಳಬೇಕಾದ್ದು, ಕೋಟೆ ಒಡೆಯಲು ಏನು ಕೊಡಬೇಕು ಎಂದು. ಒಂದು ಪಾನ್ ಕೊಟ್ಟು ನೋಡಿ, ಆನೆ ಕೊಟ್ಟು ಬಿಷಪ್ ಹೊಡೆದು ನೋಡಿ. ಈ ನಡೆಗಳನ್ನು ನೀವೇ ಆಡಬೇಕು, ಎಂಜಿನ್ ತಾನಾಗಿ ತೋರಿಸದೇ ಇರಬಹುದು. ಬೇರೆ ರೀತಿ ಯೋಚಿಸುವ ಲೀಲಾ ಎಂಜಿನ್ ಅನ್ನೂ ಇಲ್ಲಿ ಒಮ್ಮೆ ಕೇಳಬಹುದು. ಇಬ್ಬರ ಅಭಿಪ್ರಾಯ ಬೇರೆಯಾದ ಕಡೆ ಇನ್ನಷ್ಟು ಅಗೆಯಿರಿ.

ನಡೆಯಬೇಕಾಗಿ ಬಂದದ್ದೇ ತೊಂದರೆ

ನಡೆ ಬಿಟ್ಟುಕೊಡಲು ಆಗಿದ್ದರೆ ಬಚಾವಾಗುತ್ತಿದ್ದೆವು, ಆದರೆ ಏನಾದರೂ ಆಡಲೇಬೇಕು. ಇದು ಜುಗ್‌ಜ್ವಾಂಗ್. ಎಂಜಿನ್ ಎಡವುವ ಜಾಗಗಳಲ್ಲಿ ಇದೂ ಒಂದು. ವೇಗಕ್ಕಾಗಿ ಅದು ಒಂದು ಅಡ್ಡದಾರಿ ಹಿಡಿಯುತ್ತದೆ: ಈ ಕಡೆಯವರು ಒಂದು ನಡೆ ಸುಮ್ನೆ ಬಿಟ್ಟುಕೊಟ್ಟರೂ ಸ್ಥಿತಿ ಚೆನ್ನಾಗಿಯೇ ಇದ್ದರೆ, ಆ ಕೊಂಬೆಯನ್ನು ಆಳವಾಗಿ ನೋಡುವುದಿಲ್ಲ. ನಡೆ ಬಿಡುವುದೇ ಅತಿ ಒಳ್ಳೆಯದಾಗಿರುವ ಕಡೆ ಈ ಲೆಕ್ಕ ತಪ್ಪುತ್ತದೆ. ಬರೀ ರಾಜ, ಪಾನ್ ಇದ್ದಾಗ ಸ್ಟಾಕ್‌ಫಿಶ್ ಆ ಅಡ್ಡದಾರಿಯನ್ನು ಬಿಟ್ಟುಬಿಡುತ್ತದೆ. ಬಿಷಪ್ಪೋ ಕುದುರೆಯೋ ಇರುವ ಕಡೆ ನಾವು ಕಣ್ಣಿಟ್ಟಿರಬೇಕು.

ಪರೀಕ್ಷೆ ಸುಲಭ. ಎಡಿಟರಿಗೆ ಹೋಗಿ ನಡೆ ಯಾರದು ಎಂಬುದನ್ನು ಮಾತ್ರ ಬದಲಿಸಿ. ನಿಮ್ಮ ಸರದಿ ಇದ್ದಾಗ ಡ್ರಾ, ಎದುರಾಳಿಯ ಸರದಿ ಇದ್ದಾಗ ನಿಮಗೆ ಗೆಲುವು ಎಂದು ಬಂದರೆ ಈಗ ನಿಮ್ಮ ಕೆಲಸ ಒಂದೇ: ಅದೇ ಸ್ಥಿತಿಯನ್ನು ಎದುರಾಳಿಯ ಸರದಿಯಲ್ಲಿ ತರುವ ದಾರಿ ಹುಡುಕುವುದು. ಲಿಚೆಸ್‌ನಲ್ಲಿ ಕೀಬೋರ್ಡಿನ ಎಕ್ಸ್ ಒತ್ತಿದರೆ ಎದುರಾಳಿಗೆ ಈಗ ನಡೆ ಸಿಕ್ಕಿದರೆ ಏನು ಮಾಡುತ್ತಾನೆ ಎಂದೂ ತೋರಿಸುತ್ತದೆ.

ನಾವು ಆಡಬಲ್ಲ ನಡೆ ಯಾವುದು

2018ರಲ್ಲಿ ಲಂಡನ್ನಿನ ವಿಶ್ವ ಚಾಂಪಿಯನ್‌ಶಿಪ್‌ನ ಆರನೆಯ ಆಟದಲ್ಲಿ ಕಾರ್ಲ್‌ಸನ್ ವಿರುದ್ಧ ಕರುವಾನಾಗೆ 68ನೆಯ ನಡೆಯಲ್ಲಿ ಗೆಲುವು ಇದೆ ಎಂದು ಒಂದು ದೊಡ್ಡ ಕಂಪ್ಯೂಟರಿನಲ್ಲಿ ಓಡುತ್ತಿದ್ದ ಸ್ಟಾಕ್‌ಫಿಶ್ ತೋರಿಸಿತು. ಬಿಷಪ್ ಎಚ್4, ಆಮೇಲೆ ತನ್ನ ಕುದುರೆಯನ್ನು ತಾನೇ ಜಿ1ರಲ್ಲಿ ಸಿಕ್ಕಿಹಾಕಿಸಬೇಕು. ಮನುಷ್ಯರಾದವರು ಯಾರೂ ಅಂಥ ನಡೆ ಆಡುವುದಿಲ್ಲ ಎಂದು ಮಾಜಿ ವಿಶ್ವ ಚಾಂಪಿಯನ್ ಕಾಸ್ಪರೊವ್ ಅವರೇ ಹೇಳಿದರು. ಆಟ ಡ್ರಾ ಆಯಿತು. ಅದನ್ನು ಕರುವಾನಾ ಅವರ ತಪ್ಪು ಎಂದು ಬರೆದವರನ್ನು ಕಂಡರೆ ನನಗೆ ಬೇಸರವಾಗುತ್ತದೆ.

ಇನ್ನೊಂದು ಬಗೆಯ ತಪ್ಪು ಇದೆ. 2024ರ ಡಿಸೆಂಬರ್ 12ರಂದು ಸಿಂಗಪುರದ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಗುಕೇಶ್ ವಿರುದ್ಧ ಡಿಂಗ್ ಲಿರೆನ್ 55ನೆಯ ನಡೆಯಲ್ಲಿ ಆನೆ ಎಫ್2 ಆಡಿದರು. ಆನೆಗಳು ಹೋದವು, ಬೋರ್ಡಿನ ಮೇಲೆ ಏಳೇ ಕಾಯಿ ಉಳಿದವು. ಡಿಂಗ್ ಅವರ ಬಿಷಪ್ ಎ8ರ ಮೂಲೆಯಲ್ಲಿತ್ತು. ಗುಕೇಶ್ ಬಿಷಪ್ ಡಿ5 ಆಡಿದರು. ಮೂಲೆಯಿಂದ ತಪ್ಪಿಸಿಕೊಳ್ಳಲು ದಾರಿಯೇ ಇಲ್ಲ, ಬಿಷಪ್‌ಗಳೂ ಹೋಗಲೇಬೇಕು. ಉಳಿದದ್ದು ಎರಡು ಪಾನ್ ಎದುರು ಒಂದು ಪಾನ್, ಗೆಲುವು. ಇದನ್ನು ನಾವೂ ಕಲಿಯಬಹುದು: ಕಾಯಿ ಬದಲಿಸುವ ಮುಂಚೆ ಬರೀ ರಾಜ-ಪಾನ್ ಉಳಿದರೆ ಏನಾಗುತ್ತದೆ ಎಂದು ನೋಡಬೇಕು.

ಎಂಜಿನ್ ತೋರಿಸಿದ ಪ್ರತಿ ನಡೆಗೂ ಈ ಪ್ರಶ್ನೆ ಕೇಳಿಕೊಳ್ಳಿ: ಇದರ ಹಿಂದಿನ ವಿಚಾರವನ್ನು ಒಂದು ವಾಕ್ಯದಲ್ಲಿ ಹೇಳಬಲ್ಲೆನಾ? ಆಗದಿದ್ದರೆ ಎರಡನೆಯ ಮೂರನೆಯ ಲೈನ್ ನೋಡಿ. ಅದೂ ಗೆಲ್ಲುತ್ತದೆ, ಅರ್ಥವೂ ಆಗುತ್ತದೆ ಎಂದಾದರೆ ಅದನ್ನೇ ಇಟ್ಟುಕೊಳ್ಳಿ.

ಕೊನೆಗೆ ಆಡಿ, ಬರೆಯಿರಿ

ನೋಡಿ ಕಲಿತದ್ದು ಕೈಗೆ ಬಂದಿದೆಯಾ ಎಂದು ತಿಳಿಯಲು ಅದೇ ಸ್ಥಿತಿಯಿಂದ ಕಂಪ್ಯೂಟರ್ ಎದುರು ಆಡಿ. ಲಿಚೆಸ್‌ನ ಅನಾಲಿಸಿಸ್ ಬೋರ್ಡಿನಲ್ಲೇ ಇಲ್ಲಿಂದ ಮುಂದುವರಿಸುವ ಆಯ್ಕೆ ಇದೆ. ಐದು ನಿಮಿಷದ ಗಡಿಯಾರ ಇಡಿ. ಗೆಲ್ಲುವ ಕಡೆ ಆಡಿ ಗೆಲ್ಲಿ, ಆಮೇಲೆ ಡ್ರಾ ಇರುವ ಸ್ಥಿತಿಯಲ್ಲಿ ಕಷ್ಟದ ಕಡೆ ಕೂತು ಉಳಿಸಿಕೊಳ್ಳಿ. ತಪ್ಪಿದರೆ ತಪ್ಪಿದ ನಡೆಗೆ ವಾಪಸ್ ಬಂದು ನಾಲ್ಕನೆಯ ಹೆಜ್ಜೆಯಿಂದ ಶುರು ಮಾಡಿ. ವಾರದ ನಂತರ ಮತ್ತೆ ಆಡಿ.

ನೋಟ್‌ಬುಕ್ಕಿನಲ್ಲಿ ಒಂದು ಸ್ಥಿತಿಗೆ ಒಂದು ಪುಟ ಸಾಕು. ಬಸ್ಸಿನಲ್ಲಿ ಕೂತು ತಪ್ಪಾಗಿ ಹಾಕಿದ ಆ ಆಟದ ಪುಟ ನನ್ನ ಬಳಿ ಹೀಗಿದೆ:

"ರಾಜ ಇ4, ಪಾನ್ ಇ3, ಎದುರಿಗೆ ರಾಜ ಇ6. ನನ್ನ ನಡೆ. ಅಂದುಕೊಂಡದ್ದು: ಗೆಲುವು. ನಿಜ: ಡ್ರಾ. ಪಾನ್ ಇ2ರಲ್ಲಿ ಇದ್ದಿದ್ದರೆ ಗೆಲುವು. 41ನೆಯ ನಡೆಯಲ್ಲಿ ಪಾನ್ ಇ3 ಆಡಿದ್ದು ಯಾಕೆ? ಅಲ್ಲಿಂದ ನೋಡು."